ತೋಡಿದ ದಂಡೆ

ನನ್ನ ತಮ್ಮ ವೇಲುಸಾಮಿ ನೀರಿನಲ್ಲಿ ಬೋರಲಾಗಿ ಬಿದ್ದಿದ್ದ.

ಆಗತಾನೆ ಬೆಳಕು ಹರಿಯುತ್ತಿತ್ತು. ಹಿತ್ತಲ ಬಾಗಿಲು ತೆರೆದಾಗ ಮೊದಲು ಕಂಡದ್ದು ಅವನ ಬಿಳಿ ಬನಿಯನ್. ಗಾಳಿಗೆ ಯಾವುದೋ ಬಟ್ಟೆ ಹಾರಿ ಬಿದ್ದಿದೆ ಅಂದುಕೊಂಡೆ. ಆಮೇಲೆ ಕಾಲು ಕಂಡವು.

ನೀರು ಮೊಣಕಾಲಿನಷ್ಟೂ ಇರಲಿಲ್ಲ. ಇಳಿದು ತಲೆ ಎತ್ತಿದೆ. ಕೈಗೆ ಬೆಚ್ಚಗೆ ಅಂಟಿತು. ಹಿಂತಲೆ ಒಡೆದಿತ್ತು. ಬಾಯಿಂದ ಕೆಸರು ನೀರು ಬಂತು. ಅದರ ಹಿಂದೆ ಸಣ್ಣಗೆ ಉಸಿರು ಬಂತು.

ಕೂಗಬೇಕು. ಅದಕ್ಕೂ ಮೊದಲು ಅವನನ್ನು ಅಂಚಿಗೆ ಎಳೆದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅಷ್ಟರಲ್ಲಿ ಸುತ್ತಲಿನ ದಂಡೆ ಕಣ್ಣಿಗೆ ಬಿದ್ದಿತ್ತು. ಉದ್ದಕ್ಕೂ ಗುಂಡಿಗಳು. ಯಾರೋ ಗುದ್ದಲಿಯಿಂದ ತೋಡಿ ತೋಡಿ ಬಿಟ್ಟಿದ್ದರು. ಹುಲ್ಲು ಬೇರುಸಹಿತ ಮಗುಚಿ ಬಿದ್ದಿತ್ತು. ಮಣ್ಣು ಇನ್ನೂ ಹಸಿಯಾಗಿತ್ತು.

ಅವರು ಏನು ಹುಡುಕಿದರು ಅನ್ನುವುದು ನನಗೆ ಗೊತ್ತಿತ್ತು. ಅದು ಅವರಿಗೆ ಸಿಕ್ಕಿಲ್ಲ ಅನ್ನುವುದೂ ಗೊತ್ತಿತ್ತು. ಎಲ್ಲಿದೆ ಎಂದು ಬಲ್ಲವರು ಇಬ್ಬರೇ. ಒಬ್ಬ ನನ್ನ ತೊಡೆಯ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದ. ಇನ್ನೊಬ್ಬಳು ನಾನು.

ಬಾಳೆಗಿಡದ ಹಿಂದೆ ಏನೋ ಅಲುಗಿದಂತಾಯಿತು. ಆಗ ಕೂಗಿದೆ. ಅಕ್ಕಪಕ್ಕದವರೆಲ್ಲ ಎದ್ದು ಬಂದರು.

* * *

ದಿಂಡಿಗಲ್ಲಿನಲ್ಲಿ ಬೀಗದ ವ್ಯಾಪಾರ ಮಾಡಿ ನನ್ನ ತಮ್ಮ ಆ ಮನೆ ಕಟ್ಟಿಸಿದ. ಮನೆಯ ಹಿಂದೆ ಒಂದು ಪುಟ್ಟ ಕೊಳ ಮಾಡಿಸಿದ. ಸಿಮೆಂಟಿಲ್ಲ, ಮೋಟಾರಿಲ್ಲ. ಜೇಡಿಮಣ್ಣಿನ ತಳ, ನೀರು ತಿಳಿಯಾಗಿಡಲು ಒಂದು ಮೂಲೆಯಲ್ಲಿ ಜೊಂಡು, ಕುಂಡಗಳಲ್ಲಿ ನೈದಿಲೆ, ಒಂದಷ್ಟು ಮೀನು. ತಮಿಳಿನವರು ಕುಳಂ ಅನ್ನುತ್ತಾರೆ. ಮನೆಯವರು ನಾವು ಕೆರೆ ಅನ್ನುತ್ತೇವೆ. ಎರಡು ಎಮ್ಮೆ ಮಲಗಿದರೆ ಮೂರನೆಯದಕ್ಕೆ ಜಾಗವಿಲ್ಲ, ಆದರೂ ಕೆರೆ. ಕಂಬಂ ಪಕ್ಕದ ಗೂಡಲೂರಿನಿಂದ ಬಂದ, ಮನೆಯಲ್ಲಿ ಕನ್ನಡ ಆಡುವ ನಮ್ಮ ಜನಕ್ಕೆ ನಿಂತ ನೀರೆಲ್ಲ ಕೆರೆಯೇ.

ಪುರಟ್ಟಾಸಿ ತಿಂಗಳಲ್ಲಿ, ಮುಂದಿನ ಐಪಸಿ ತಿಂಗಳ ಮಳೆ ಹಿಡಿಯುವ ಮುಂಚೆ, ಅದರ ಹೂಳು ತೆಗೆಸಬೇಕು. ಈ ವರ್ಷ ಅರ್ಧ, ಬರುವ ವರ್ಷ ಇನ್ನರ್ಧ. ಒಟ್ಟಿಗೆ ತೆಗೆದರೆ ಕಪ್ಪೆ, ಬಸವನಹುಳು ಯಾವುದೂ ಉಳಿಯುವುದಿಲ್ಲ. ನೈದಿಲೆಯ ಗೆಡ್ಡೆ ಸೀಳಿ, ಕುಂಡಕ್ಕೆ ಹೊಸದಾಗಿ ನೆಟ್ಟು, ಮತ್ತೆ ನೀರಿಗೆ ಇಳಿಸಬೇಕು. ತೆಗೆದ ಹೂಳನ್ನು ದಂಡೆಯ ಮೇಲೇ ಬಿಡಬೇಕು. ಒಳಗಿರುವ ಹುಳುಗಳು ತೆವಳಿಕೊಂಡು ನೀರಿಗೆ ಮರಳಲಿ ಎಂದು. ಊರಿನ ಬಂಗಲೆಗಳ ಕೊಳಗಳನ್ನೆಲ್ಲ ನೋಡಿಕೊಳ್ಳುವ ಕಾಮರಾಜ್ ಹಿಂದಿನ ದಿನವೇ ಬಂದು ಇಷ್ಟೂ ಕೆಲಸ ಮುಗಿಸಿದ್ದ. ಗುದ್ದಲಿಯನ್ನು ಪೇರಲೆ ಮರಕ್ಕೆ ಒರಗಿಸಿಟ್ಟು ಹೋಗಿದ್ದ.

ಆ ಗುದ್ದಲಿಯ ಕಾವಿಗೆ ನನ್ನ ತಮ್ಮನ ಕೂದಲು ಅಂಟಿತ್ತು.

ಇನ್ಸ್‌ಪೆಕ್ಟರ್ ತಮಿಳರಸಿ ಬಂದಾಗ ತಮ್ಮನನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು. ನನ್ನ ಸೀರೆ ಇನ್ನೂ ಒದ್ದೆಯಾಗಿತ್ತು. ಆಕೆ ಮಾತು ಕಡಿಮೆ. ಕೊಳವನ್ನು ಒಂದು ಸುತ್ತು ಬಂದಳು. ಗುಂಡಿಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ನೀರನ್ನು ನೋಡಿದಳು. ನೈದಿಲೆಯ ಕುಂಡಗಳು ಇಟ್ಟಂತೆಯೇ ಇದ್ದವು. ಹೂಳಿನ ರಾಶಿಯನ್ನು ಮಾತ್ರ ಯಾರೋ ಕೆದರಿ ಚೆಲ್ಲಾಡಿದ್ದರು. ಬಸವನಹುಳುಗಳು ತುಳಿತಕ್ಕೆ ಸಿಕ್ಕಿ ಸತ್ತಿದ್ದವು.

ನಮ್ಮ ಮಾತು ಕೇಳಿ ಆಕೆ ಸ್ವಲ್ಪ ನಕ್ಕಳು. ತನ್ನ ತಾಯಿಯೂ ನಮ್ಮವರೇ, ಕಂಬಂ ಕಡೆಯವರು ಎಂದಳು. ನನ್ನನ್ನು ತಮಿಳಿನವರ ಹಾಗೆ ಪಾಟಿ, ಅಂದರೆ ಅಜ್ಜಿ, ಎಂದು ಕರೆದಳು.

"ಕಿವಿಗೆ ಬರ್ತೈತೆ ಪಾಟಿ, ನಾಲಗೆಗೆ ಬರಾದಿಲ್ಲ. ನಾನು ತಮಿಳ್ನಾಗೇ ಕೇಳ್ತೀನಿ, ನೀವು ನಮ್ಮ ಮಾತ್ನಾಗೆ ಹೇಳಿ."

ಅಷ್ಟನ್ನು ಹೇಳುವುದರೊಳಗೇ ಎರಡು ಕಡೆ ತಡವರಿಸಿದಳು. ಆಮೇಲೆ ತಮಿಳಿಗೆ ಹೊರಳಿದಳು. ಈ ಗುಂಡಿಗಳು ನಿನ್ನೆ ಇದ್ದವೇ ಎಂದು ಕೇಳಿದಳು. ಇರಲಿಲ್ಲ ಎಂದೆ. ಯಾರು ಏನನ್ನು ಹುಡುಕಿರಬಹುದು ಎಂದು ಕೇಳಿದಳು.

"ತಿಳೀದಮ್ಮ," ಎಂದೆ.

ಸುಳ್ಳು. ಯಾರಿಗೂ ಹೇಳಬೇಡ ಎಂದು ತಮ್ಮ ಮಾತು ತೆಗೆದುಕೊಂಡಿದ್ದ. ಅದಕ್ಕಿಂತ ಹೆಚ್ಚಾಗಿ ನನಗೆ ಭಯವಾಗಿತ್ತು. ಹೊಡೆದವರು ಯಾರು ಎಂದು ಗೊತ್ತಿಲ್ಲದಾಗ ಎದುರಿಗೆ ನಿಂತ ಪ್ರತಿಯೊಬ್ಬರೂ ಅವರೇ ಅನ್ನಿಸುತ್ತದೆ. ಎಲ್ಲಿದೆ ಎಂದು ನಾನು ಬಲ್ಲೆ ಅನ್ನುವುದು ಹೊರಬಿದ್ದರೆ, ಮುಂದಿನ ಏಟು ಎಲ್ಲಿಗೆ ಬೀಳುತ್ತದೆ?

ಹೊರಡುವಾಗ ಆಕೆ ಹಿತ್ತಲಿಗೆ ಪೊಲೀಸ್ ಬೀಗ ಹಾಕಿಸಿದಳು. ದಂಡೆ ತೋಡಿರುವ ವಿಷಯ ಮನೆಯವರ ಹತ್ತಿರವೂ ಎತ್ತಬೇಡಿ ಎಂದು ತಾಕೀತು ಮಾಡಿದಳು. ಕೂಗಿಗೆ ಓಡಿ ಬಂದಿದ್ದ ಪಕ್ಕದ ಮನೆಯವರಿಗೂ ಅದೇ ಮಾತು ಹೇಳಿದಳು.

* * *

ಆಸ್ಪತ್ರೆಯಲ್ಲಿ ತಮ್ಮನ ಮೂಗಿಗೆ ಕೊಳವೆ ಹಾಕಿದ್ದರು. ಕಣ್ಣು ಮುಚ್ಚಿತ್ತು. ಎಚ್ಚರವಾದರೆ ಬದುಕಿಕೊಂಡರು, ಆಗದಿದ್ದರೆ ಹೇಳಲಾಗದು ಎಂದರು ಡಾಕ್ಟರು.

ಅವನ ಒಬ್ಬಳೇ ಮಗಳು ಸರಣ್ಯಾ ತೇನಿಯಿಂದ ಬಸ್ಸಿನಲ್ಲಿ ನೇರವಾಗಿ ಆಸ್ಪತ್ರೆಗೇ ಬಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಗಂಡ ಜೆಯಕುಮಾರ್ ಬಂದ. ಅವನದು ದ್ರಾಕ್ಷಿ ವ್ಯಾಪಾರ. ಕತ್ತಲಿರುವಾಗಲೇ ಕಂಬಂ ತೋಟಗಳಿಗೆ ಹೊರಟುಬಿಡುತ್ತಾನೆ. ಅಲ್ಲಿಂದಲೇ ಕಾರು ತಿರುಗಿಸಿಕೊಂಡು ಬಂದೆ ಎಂದ. ಅವನೂ ನಮ್ಮವನೇ, ಆದರೆ ಕೊಯಮತ್ತೂರಿನಲ್ಲಿ ಬೆಳೆದವನು. ಮನೆಮಾತು ಕೇಳಿಸಿಕೊಳ್ಳುತ್ತಾನೆ, ಆಡುವುದು ಅಷ್ಟಕ್ಕಷ್ಟೆ.

ಅವನು ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ಓಡಾಡಿದ. ಔಷಧಿ ತಂದ. ನನಗೆ ಕಾಫಿ ತಂದುಕೊಟ್ಟ. ಮಾವನ ತಲೆದಿಂಬು ಸರಿಮಾಡಿದ. ನನ್ನನ್ನು ಅವನು ಪೆರೀಮ್ಮ, ದೊಡ್ಡಮ್ಮ, ಎನ್ನುತ್ತಾನೆ.

"ಪೆರೀಮ್ಮ, ಮಾಮ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ? ಯಾರ ಮ್ಯಾಲಾದ್ರೂ ಸಂದೇಗ?"

"ಏನೂ ಹೇಳಿಲ್ಲಪ್ಪ."

"ನೆನೆಸ್ಕೊಂಡು ಹೇಳಿ. ಭಯಬೇಡಿ. ನಾ ಇದೀನಲ್ಲ."

ಅಷ್ಟು ಪ್ರೀತಿಯಿಂದ ಕೇಳಿದ. ಅವನು ತಂದ ಕಾಫಿ ಕುಡಿದು ಮುಗಿಸಿದೆ.

ಮಧ್ಯಾಹ್ನ ಸೇಕರ್ ಬಂದ. ನಮ್ಮ ದಾಯಾದಿ, ಗೂಡಲೂರಿನಲ್ಲೇ ಇರುವವನು. ವರಾಂಡದಲ್ಲೇ ಎಲ್ಲರಿಗೂ ಕೇಳುವಂತೆ ಅತ್ತ. ಅವನು ಅಳುವುದನ್ನು ಸರಣ್ಯಾ ಕಣ್ಣು ಕಿರಿದು ಮಾಡಿ ನೋಡಿದಳು. ಅದಕ್ಕೆ ಕಾರಣವಿತ್ತು. ಗೂಡಲೂರಿನ ಊರಮ್ಮನ ಚಿನ್ನದ ಕಾಸಿನ ಸರ ವರ್ಷಕ್ಕೊಂದು ಮನೆಯಲ್ಲಿರುತ್ತದೆ; ಯುಗಾದಿಗೆ ಪೆಟ್ಟಿಗೆಯ ಬೀಗ ತೆಗೆಯದೆಯೇ ಮುಂದಿನ ಮನೆಗೆ ಕೊಡುತ್ತಾರೆ. ಹೋದ ವರ್ಷ ತೇನಿಯ ಜೆಯಕುಮಾರನ ಮನೆಯಲ್ಲಿತ್ತು. ಈ ವರ್ಷ ತನ್ನ ಸರದಿ ಎಂದು ಸೇಕರ್ ವಾದಿಸಿದ್ದ. ನಮ್ಮ ಜನದ ಸಭೆಯವರು ವೇಲುಸಾಮಿಗೆ ಕೊಟ್ಟರು. ಅದಕ್ಕೆ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಕೂಗಾಡಿ ಹೋಗಿದ್ದ. ಈಗ ನವರಾತ್ರಿಗೆ ಪೆಟ್ಟಿಗೆಯನ್ನು ಗೂಡಲೂರಿಗೆ ಒಯ್ದು ಎಲ್ಲರ ಎದುರಿಗೆ ಬೀಗ ತೆಗೆಯಬೇಕು, ಸರ ಅಮ್ಮನ ಕೊರಳಿಗೆ ಏರಬೇಕು.

ಹಿಂದಿನ ರಾತ್ರಿ ಸೇಕರ್ ದಿಂಡಿಗಲ್ಲಿನಲ್ಲೇ ಲಾಡ್ಜಿನಲ್ಲಿ ಇದ್ದ ಎಂದು ಪೊಲೀಸರು ಪತ್ತೆ ಮಾಡಿದರು. ಪಳನಿಗೆ ಹೋಗುವ ದಾರಿಯಲ್ಲಿ ತಂಗಿದ್ದೆ ಎಂದ. ಅಷ್ಟರಲ್ಲಿ ಕಾಮರಾಜನನ್ನೂ ಠಾಣೆಗೆ ಕರೆದೊಯ್ದಿದ್ದರು. ಗುದ್ದಲಿ ಅವನದು. ಹಿತ್ತಲ ಗೇಟಿನ ಅಗುಳಿ ಹೊರಗಿನಿಂದ ಹೇಗೆ ತೆಗೆಯಬೇಕೆಂದು ಅವನಿಗೆ ಗೊತ್ತು. ಅವನ ಹೆಂಡತಿ ಮೂಕಮ್ಮಾಳ್ ಆಸ್ಪತ್ರೆಗೆ ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತಳು. ಬಯ್ಯಲಿಲ್ಲ, ಬೇಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಳು.

ಅದನ್ನು ತಡೆಯಲಾಗಲಿಲ್ಲ. ಎದ್ದು ಇನ್ಸ್‌ಪೆಕ್ಟರಮ್ಮನನ್ನು ಮನೆಗೆ ಕರೆಸಿ ಎಂದು ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್‌ಗೆ ಹೇಳಿದೆ. ತಮ್ಮನನ್ನು ಯಾರ ಕೈಗೆ ಬಿಟ್ಟು ಹೋಗಲಿ ಎಂದು ಹಿಂದೆಮುಂದೆ ನೋಡಿದಾಗ ಜೆಯಕುಮಾರನೇ ಧೈರ್ಯ ಹೇಳಿದ.

"ಹೋಗಿ ಬನ್ನಿ ಪೆರೀಮ್ಮ. ಮಾಮನ ನಾ ನೋಡ್ಕೊಂತೀನಿ."

* * *

ಹಿತ್ತಲ ಮೆಟ್ಟಿಲ ಮೇಲೆ ಕೂತು ತಮಿಳರಸಿಗೆ ಎಲ್ಲ ಹೇಳಿದೆ.

ಸರ ಇರುವ ಕಬ್ಬಿಣದ ಪೆಟ್ಟಿಗೆ ಪೂಜೆಮನೆಯ ಗೋಡೆಯ ಗೂಡಿನಲ್ಲಿ ಕೂತಿದೆ. ಅದಕ್ಕೆ ದಿಂಡಿಗಲ್ಲಿನ ಮಾವಿನಕಾಯಿ ಆಕಾರದ ಬೀಗ. ಚಾವಿ ಒಂದೇ. ಸೇಕರ್ ಜಗಳವಾಡಿ ಹೋದಾಗಿನಿಂದ ತಮ್ಮನಿಗೆ ಚಾವಿಯನ್ನು ಮನೆಯೊಳಗೆ ಇಡಲು ಧೈರ್ಯವಿರಲಿಲ್ಲ. ಹೂಳು ತೆಗೆದ ಸಂಜೆ ಇದೇ ಮೆಟ್ಟಿಲ ಮೇಲೆ ಕೂತು ನನಗೊಬ್ಬಳಿಗೇ ಗುಟ್ಟು ಹೇಳಿದ. ಕಾಮರಾಜ್ ಅಷ್ಟು ದೂರದಲ್ಲಿ ನಲ್ಲಿಯ ಕೆಳಗೆ ಕೈಕಾಲು ತೊಳೆಯುತ್ತಿದ್ದ. ಅವನಿಗೆ ನಮ್ಮ ಮಾತು ಒಂದಕ್ಷರವೂ ತಿಳಿಯದು. ಹಾಗಾಗಿ ತಮ್ಮ ದನಿ ತಗ್ಗಿಸಲೂ ಇಲ್ಲ.

"ಅವರು ಹೇಳಿದ್ದನ್ನ ಹಾಗೇ ಹೇಳಿ. ಒಂದು ಮಾತೂ ಬದಲಾಯಿಸಬೇಡಿ," ಎಂದಳು ತಮಿಳರಸಿ.

"ಅಕ್ಕ, ಚಾವಿಯ ಕೆರೆಯಾಗೆ ಹೂತಿವ್ನಿ. ನಂಗೇನಾರ ಆದ್ರೆ ನೀ ತಕ್ಕೊಂಡು ಸಭೆಗೆ ಕೊಡು. ಅಂಗಂದ."

ಆಕೆ ತಲೆಯಾಡಿಸಿದಳು.

"ಯಾವ ಪಕ್ಕದ ಕರೈ?"

"ಕರೈ ಅಲ್ಲಮ್ಮ. ಕೆರೆ."

"ಅದೇ ಕೇಳಿದ್ದು. ಈ ದಡವಾ, ಆ ದಡವಾ?"

"ದಡ ಎಲ್ಲಿಂದ ಬಂತು? ಕೆರೆ, ತಾಯಿ. ನೀರು. ನೈದಿಲೆ ನೆಟ್ಟಿರೋ ಕುಂಡದಾಗೆ ಹೂತವ್ನೆ. ಕುಂಡ ನೀರೊಳಗೆ ಐತೆ."

ಆಕೆ ಕೊಳದ ಕಡೆ ತಿರುಗಿದಳು. ತೋಡಿದ ದಂಡೆಯನ್ನು ನೋಡಿದಳು. ಯಾರೂ ಮುಟ್ಟದ ಕುಂಡಗಳನ್ನು ನೋಡಿದಳು. ಆಮೇಲೆ ನನ್ನ ಪಕ್ಕದಲ್ಲಿ ಕೂತಳು.

ತಮಿಳಿನಲ್ಲಿ ಕರೈ ಎಂದರೆ ದಂಡೆ. ನಮ್ಮ ಮಾತಿನಲ್ಲಿ ಕೆರೆ ಎಂದರೆ ನೀರು. ಇದು ನನಗೆ ಹೊಸದಲ್ಲ, ಆದರೆ ಅದರ ಮೇಲೆ ಮನಸ್ಸಿಟ್ಟು ಯೋಚಿಸಿದ್ದೇ ಇರಲಿಲ್ಲ.

"ಪಾಟಿ, ನೀವು ಹೇಳಿದ ಮಾತು ನನಗೆ ಪೂರ್ತಿ ತಿಳೀತು. ಚಾವಿ ತಿಳೀತು, ಹೂತಿದ್ದು ತಿಳೀತು. ಒಂದೇ ಒಂದು ತಪ್ಪಾಗಿ ತಿಳೀತು. ನಾನು ಕಳ್ಳಿಯಾಗಿದ್ದರೆ ಈ ದಂಡೆಯನ್ನೇ ತೋಡ್ತಿದ್ದೆ."

ಆಕೆ ನನ್ನ ಕಡೆ ತಿರುಗಿದಳು.

"ನನ್ನಂಥ ಕಿವಿ ನಿಮ್ಮ ಮನೆಯಲ್ಲಿ ಯಾರಿಗಿದೆ?"

ಈಗಿನ ಮಕ್ಕಳೆಲ್ಲ ಹಾಗೇ ಎಂದೆ. ಸರಣ್ಯಾಗೂ ಹಾಗೇನೇ, ಆದರೆ ಅವಳು ಈ ನೀರಿನಲ್ಲಿ ಕಾಲಾಡಿಸಿ ಬೆಳೆದವಳು. ಕೆರೆ ಎಂದರೆ ಏನೆಂದು ಅವಳಿಗೆ ಯಾರೂ ಹೇಳಬೇಕಿಲ್ಲ. ಇನ್ನೊಂದು ಹೆಸರು ಬಾಯಿಯವರೆಗೆ ಬಂತು. ಹೊರಗೆ ಬರಲಿಲ್ಲ. ಅವನು ಹೇಗಾದಾನು? ಆ ಸಂಜೆ ಅವನು ತೇನಿಯಲ್ಲಿದ್ದ. ಇಲ್ಲಿ ಆಡಿದ ಮಾತು ಅಷ್ಟು ದೂರಕ್ಕೆ ಹೇಗೆ ಕೇಳೀತು?

ತಮ್ಮ ಆ ಮಾತು ಹೇಳುವ ಮುಂಚೆ ಏನು ಮಾಡುತ್ತಿದ್ದ ಎಂದು ತಮಿಳರಸಿ ಕೇಳಿದಳು. ಸರಣ್ಯಾ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಮಾತು ಮುಗಿಸಿ ಫೋನನ್ನು ಅಂಗಿ ಜೇಬಿಗೆ ಹಾಕಿಕೊಂಡ. ಅಂಗಿ ಒಳಗೆ ಗೂಟಕ್ಕೆ ತೂಗುಹಾಕಿದಂತೆಯೇ ಇತ್ತು. ತಮಿಳರಸಿ ಜೇಬಿನಿಂದ ಫೋನು ತೆಗೆದು ನೋಡಿದಳು. ಅಪ್ಪ ಮಗಳ ಮಾತು ಮುಗಿದ ಎಷ್ಟೋ ಹೊತ್ತಿನವರೆಗೂ ಆ ಕರೆ ನಡೆಯುತ್ತಲೇ ಇತ್ತು. ಜೇಬಿಗೆ ಹಾಕಿದ್ದ, ನಿಲ್ಲಿಸಿರಲಿಲ್ಲ.

ಕೂಡಲೇ ಸರಣ್ಯಾಗೆ ಫೋನು ಮಾಡಿದಳು. ನಿನ್ನೆ ಅಪ್ಪನ ಜೊತೆ ಮಾತು ಮುಗಿದ ಮೇಲೆ ನಿನ್ನ ಫೋನು ಯಾರ ಕೈಯಲ್ಲಿತ್ತು ಎಂದು ಕೇಳಿದಳು. ತಾನು ಅಡುಗೆಮನೆಗೆ ಹೋದೆ, ಫೋನನ್ನು ಗಂಡನ ಕೈಗೆ ಕೊಟ್ಟಿದ್ದೆ ಎಂದಳು ಸರಣ್ಯಾ. ಈಗ ನೀನು ಎಲ್ಲಿದ್ದೀಯ ಎಂದು ತಮಿಳರಸಿ ಕೇಳಿದಳು.

ಕೆಳಗೆ ಕ್ಯಾಂಟೀನಿನಲ್ಲಿ. ಊಟ ಮಾಡಿ ಬಾ ಎಂದು ಅವರೇ ಕಳಿಸಿದರು. ಕಾನ್‌ಸ್ಟೇಬಲಣ್ಣನನ್ನೂ ಟೀ ಕುಡಿಯಲು ಕಳಿಸಿದ್ದಾರೆ.

ತಮಿಳರಸಿ ಎದ್ದಳು. ನನ್ನ ಕೈ ಹಿಡಿದು ಎಬ್ಬಿಸಿದಳು.

* * *

ಜೀಪು ಆಸ್ಪತ್ರೆಗೆ ಹೋದದ್ದು ನನಗೆ ನೆನಪಿಲ್ಲ. ಮಹಡಿಯ ಮೆಟ್ಟಿಲು ನೆನಪಿದೆ. ಮುಚ್ಚಿದ ಬಾಗಿಲು ನೆನಪಿದೆ.

ಒಳಗಿನಿಂದ ಚಿಲಕ ಹಾಕಿತ್ತು.

ತಮಿಳರಸಿ ಬಾಗಿಲು ಬಡಿಯಲಿಲ್ಲ. ನನ್ನ ಕಿವಿಯಲ್ಲಿ ಹೇಳಿದಳು: ಒಡೆದರೆ ಅಷ್ಟರೊಳಗೆ ಅವನು ಕೆಲಸ ಮುಗಿಸುತ್ತಾನೆ. ನೀವು ಕರೆಯಿರಿ. ಏನೂ ಗೊತ್ತಿಲ್ಲದವರ ಹಾಗೆ ಕರೆಯಿರಿ.

ನಾನು ಕದದ ಹತ್ತಿರ ಬಾಗಿ ಕರೆದೆ.

"ಜೆಯಕುಮಾರೂ. ಕದ ತಗಿಯಪ್ಪ. ಒಂದು ಒಳ್ಳೆ ಸುದ್ದಿ ಐತೆ."

ಸದ್ದಿಲ್ಲ. ಆಮೇಲೆ ಹೆಜ್ಜೆ. ಚಿಲಕ ತೆಗೆದ. ಮುಖದಲ್ಲಿ ಬೆವರು. ಕೈಯಲ್ಲಿ ದಿಂಬು. ಮಾಮನಿಗೆ ತಲೆ ಎತ್ತರವಾಯಿತು, ಅದಕ್ಕೆ ತೆಗೆದೆ ಎಂದ. ಅವನ ಹಿಂದೆ ಮಂಚದ ಮೇಲೆ ನನ್ನ ತಮ್ಮನ ಎದೆ ಏರುತ್ತದೆಯೇ ಎಂದು ನೋಡಿದೆ. ತಿಳಿಯಲಿಲ್ಲ. ಮತ್ತೆ ನೋಡಿದೆ. ಏರಿತು.

ತಮಿಳರಸಿ ಬಾಗಿಲಲ್ಲೇ ನಿಂತಳು. ಬೇಸರವಾದವಳಂತೆ ಟೋಪಿ ತೆಗೆದು ಬೀಸಿಕೊಂಡಳು. ಚಾವಿ ಸಿಕ್ಕಿತು, ಪಾಟಿಯೇ ತೋರಿಸಿಕೊಟ್ಟರು ಎಂದಳು. ನನ್ನ ಕಡೆ ನೋಡಿದಳು. ನಾನೇನು ಹೇಳಬೇಕೆಂದು ಆಕೆ ದಾರಿಯಲ್ಲೇ ಹೇಳಿಕೊಟ್ಟಿದ್ದಳು.

"ಸಿಕ್ತಪ್ಪ. ನಿಮ್ಮ ಮಾಮ ಹೇಳ್ದಂಗೆ ಕೆರೆಯಾಗೇ ಇತ್ತು."

"ಕರೈಯಾಗಾ?" ಎಂದ ಅವನು. "ಅದೆಂಗೆ? ಸುತ್ತ ತೋಡಿದ್ರೂ ಏನೂ ಇರ್ಲಿಲ್ವೆ."

ಅಷ್ಟೇ. ದಿಂಬು ಅವನ ಕೈಯಲ್ಲೇ ಇತ್ತು.

ಸುತ್ತ ತೋಡಿದ್ದು ನಿಮಗೆ ಯಾರು ಹೇಳಿದರು ಎಂದು ತಮಿಳರಸಿ ಮೆಲ್ಲಗೆ ಕೇಳಿದಳು. ನೀವು ಕಂಬಂನಿಂದ ನೇರವಾಗಿ ಇಲ್ಲಿಗೆ ಬಂದವರಲ್ಲವೇ? ಹಿತ್ತಲಿಗೆ ನನ್ನ ಬೀಗವಿದೆ. ಪಾಟಿ ಯಾರಿಗೂ ಹೇಳಿಲ್ಲ. ನಿಮ್ಮ ಹೆಂಡತಿ ಇನ್ನೂ ಆ ಮನೆಯ ಹೊಸಿಲು ತುಳಿದಿಲ್ಲ.

ಅವನು ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಹಾಕುವವನ ನೋಟ. ಇವಳನ್ನು ಮೊದಲೇ ಮುಗಿಸಬೇಕಿತ್ತು ಅನ್ನುವ ನೋಟ.

ಟೀ ಕುಡಿದು ಬಂದ ಕಾನ್‌ಸ್ಟೇಬಲ್ ಅವನ ತೋಳು ಹಿಡಿದ.

* * *

ಮರುದಿನ ನಮ್ಮ ಹಿತ್ತಲಲ್ಲಿ ಸಭೆಯ ಹಿರಿಯರ ಎದುರಿಗೆ ತಮಿಳರಸಿ ವಿವರಿಸಿದಳು. ಕಾಮರಾಜನೂ ಮೂಕಮ್ಮಾಳೂ ಅಲ್ಲಿದ್ದರು. ಸೇಕರನೂ ಇದ್ದ.

ಕಾಮರಾಜನಿಗೆ ಮಾತು ಕೇಳಿಸಿತ್ತು, ಆದರೆ ತಿಳಿದಿರಲಿಲ್ಲ. ತಿಳಿಯದವನು ಏನನ್ನು ತೋಡಿಯಾನು? ಅಲ್ಲದೆ ತಾನೇ ಹುಳುಗಳಿಗೆಂದು ಬಿಟ್ಟ ಹೂಳನ್ನು ಅವನು ಹಾಗೆ ತುಳಿಯುವವನಲ್ಲ. ಸೇಕರನಿಗೆ ಕೇಳಿಸಿದ್ದರೆ ಪೂರ್ತಿ ತಿಳಿಯುತ್ತಿತ್ತು. ಅವನಾದರೆ ನೇರವಾಗಿ ನೀರಿಗಿಳಿದು ಕುಂಡ ಎತ್ತುತ್ತಿದ್ದ. ದಂಡೆ ತೋಡಿದವನು ಮಾತನ್ನು ಬಲ್ಲವನೂ ಅಲ್ಲ, ಅರಿಯದವನೂ ಅಲ್ಲ. ಅರ್ಧಕ್ಕೆ ನಿಂತವನು.

"ನನ್ನ ಕಿವಿಯೂ ಅದೇ ತಪ್ಪು ಮಾಡಿತು. ಮಾಡಿರದಿದ್ದರೆ ಕಾಮರಾಜ್ ಇವತ್ತಿಗೂ ಠಾಣೆಯಲ್ಲೇ ಇರ್ತಿದ್ದ," ಎಂದಳು. ಕಾಮರಾಜನ ಕಡೆ ತಿರುಗಿ ತಮಿಳಿನಲ್ಲಿ ಕ್ಷಮೆ ಕೇಳಿದಳು. ಅವನು ಚೆಲ್ಲಿದ ಹೂಳನ್ನು ಮತ್ತೆ ನೀರಿನ ಅಂಚಿಗೆ ಎಳೆಯಲು ಅಪ್ಪಣೆ ಕೇಳಿದ.

ಕುಂಡದಿಂದ ಚಾವಿ ತೆಗೆದರು. ಮೇಣ ಮೆತ್ತಿದ ಪೊಟ್ಟಣದಲ್ಲಿ ಒಣಗಿಯೇ ಇತ್ತು. ಪೆಟ್ಟಿಗೆ ತೆರೆದು ಸರವನ್ನು ಅಕ್ಕಸಾಲಿಗನ ಕೈಗೆ ಕೊಟ್ಟರು. ಅವನು ಒರೆಗಲ್ಲಿಗೆ ಉಜ್ಜಿ ನೋಡಿ ತಲೆ ಎತ್ತಲಿಲ್ಲ. ಒಂದು ಕಾಸೂ ಚಿನ್ನದ್ದಲ್ಲ.

ಹೋದ ವರ್ಷ ತನ್ನ ಮನೆಯಲ್ಲಿದ್ದಾಗಲೇ ಜೆಯಕುಮಾರ್ ಅಸಲು ಸರವನ್ನು ಮಾರಿ, ಅದೇ ಅಚ್ಚಿನ ನಕಲಿ ಮಾಡಿಸಿಟ್ಟಿದ್ದ. ದ್ರಾಕ್ಷಿ ಕೆಡದಂತೆ ಇಡುವ ಶೀತಲ ಗೋದಾಮಿನ ಆಸೆ ಅವನಿಗೆ. ನವರಾತ್ರಿಗೆ ಸರ ಹೊರಬಂದು ಯಾರಾದರೂ ಒರೆಗೆ ಹಚ್ಚಿದರೆ ಸಿಕ್ಕಿಬೀಳುತ್ತಿದ್ದ. ಬೀಗ ಒಡೆದರೆ ಕಳ್ಳನನ್ನು ಹುಡುಕುತ್ತಾರೆ. ಬೀಗ ಹಾಗೇ ಇದ್ದು ಸರ ಇಲ್ಲದಿದ್ದರೆ ಚಾವಿ ಇಟ್ಟುಕೊಂಡವನನ್ನು ಹಿಡಿಯುತ್ತಾರೆ. ಅವನಿಗೆ ಬೇಕಾಗಿದ್ದು ಅದೇ, ಕಳ್ಳತನ ತನ್ನ ಮಾವನ ಹೆಸರಿಗೆ ಹೋಗುವುದು. ದ್ರಾಕ್ಷಿಗೆ ಹೋಗುತ್ತೇನೆಂದು ಕತ್ತಲಲ್ಲಿ ಹೊರಟು ದಿಂಡಿಗಲ್ಲಿಗೆ ಬಂದ. ಹೂಳು ತೆಗೆದ ಮರುದಿನ ಮೀನುಗಳು ಉಸಿರಿಗೆ ಮೇಲೆ ಬರುತ್ತವೆಯೇ ಎಂದು ನೋಡಲು ನನ್ನ ತಮ್ಮ ಬೆಳಗಾಗುವ ಮುಂಚೆಯೇ ಇಳಿಯುತ್ತಾನೆಂಬುದು ಅವನಿಗೆ ಗೊತ್ತಿರಲಿಲ್ಲ.

ಬಾಳೆಗಿಡದ ಹಿಂದೆ ಅಲುಗಿದ್ದು ಅವನೇ. ಇನ್ನೊಂದು ಗಳಿಗೆ ಬಿಟ್ಟು ಕೂಗಿದ್ದರೆ ನನಗೂ ಅದೇ ಗುದ್ದಲಿ ಎಂದು ಠಾಣೆಯಲ್ಲಿ ತಾನೇ ಒಪ್ಪಿಕೊಂಡನಂತೆ. ಅದನ್ನು ತಮಿಳರಸಿ ನನಗೆ ಹೇಳಲಿಲ್ಲ. ಬೇರೆಯವರಿಂದ ಕೇಳಿದೆ.

* * *

ನವರಾತ್ರಿ ಕಳೆದ ಮೇಲೆ ತಮ್ಮ ಕಣ್ಣು ಬಿಟ್ಟ. ಮೀನು ನೋಡಲು ಇಳಿದದ್ದಷ್ಟೇ ನೆನಪು ಅವನಿಗೆ. ಗಂಜಿ ಕುಡಿದ. ಸುತ್ತ ನೋಡಿದ. ಅಳಿಯ ಎಲ್ಲಿ, ಕಾಣುವುದಿಲ್ಲ ಎಂದು ಕೇಳಿದ.

ನಾನು ಏನೋ ಒಂದು ಹೇಳಲು ಹೊರಟೆ. ವ್ಯಾಪಾರಕ್ಕೆ ಹೋಗಿದ್ದಾನೆ ಎಂದೋ, ಜ್ವರ ಎಂದೋ. ಸರಣ್ಯಾ ನನ್ನ ಮೊಣಕೈ ಮುಟ್ಟಿದಳು. ಅಷ್ಟು ದಿನ ಅವಳು ಆ ಕೋಣೆಯಲ್ಲಿ ಕೂತಿರಲಿಲ್ಲ. ತನ್ನ ಗಂಡ ಮಾಡಿದ್ದಕ್ಕೆ ತಾನೇ ಶಿಕ್ಷೆ ಹಾಕಿಕೊಂಡವಳಂತೆ ಗೋಡೆಗೆ ಆತು ನಿಂತೇ ಇರುತ್ತಿದ್ದಳು.

"ನಿನ್ನ ಹೊಡೆದಿದ್ದು ಅವರೇ ಅಪ್ಪ," ಎಂದಳು.

ತಮ್ಮ ಅವಳನ್ನು ನೋಡಿದ. ಕೊಳವೆ ಚುಚ್ಚಿದ್ದ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಎತ್ತಿಟ್ಟ. ಹಲ್ಲು ಕಚ್ಚಿ, ಒಂದು ಸಲಕ್ಕೆ ಒಂದಿಷ್ಟೇ, ಗೋಡೆಯ ಕಡೆಗೆ ಸರಿದ. ಮಂಚದ ಮೇಲೆ ಮಗಳು ಕೂರುವಷ್ಟು ಜಾಗವಾಯಿತು.